ಬಿಚ್ಚದೆ ಬಿಟ್ಟ ಕಣ್ಣಿ

“ಎತ್ತಿನ ಮಾರಿ ನೋಡಬ್ಯಾಡ್ರಿ ಶಾಲನಬಾಯಿ, ಕೊರಳು ನೋಡ್ರಿ,” ಎಂದರು ಪದ್ಮಕುಮಾರರು.

ಹೇಳುವುದು ಸುಲಭ. ಹಿರಣ್ಯಕೇಶಿಯ ದಂಡೆಯ ಆ ಬಯಲಿನಲ್ಲಿ ಕಣ್ಣು ಹಾಯುವಷ್ಟು ದೂರ ಎತ್ತುಗಳೇ ತುಂಬಿದ್ದವು. ಒಂದರ ಕೊರಳು ನೋಡಲು ಬಗ್ಗಿದರೆ ಪಕ್ಕದ್ದರ ಕೊಂಬು ಕಿವಿಯ ಹತ್ತಿರ ಬರುತ್ತಿತ್ತು. ಮುಂಬಯಿಯಲ್ಲಿ ಶಾಲನ ಹತ್ತಿರದಿಂದ ಕಂಡ ದೊಡ್ಡ ಪ್ರಾಣಿ ಎಂದರೆ ವಿಕ್ಟೋರಿಯಾ ಗಾಡಿಯ ಕುದುರೆ, ಅದೂ ಗಾಡಿಯೊಳಗೆ ಕೂತು ಹಿಂದಿನಿಂದ.

ಗಡಹಿಂಗ್ಲಜದ ಜನಾವರ ಪ್ರದರ್ಶನಕ್ಕೆ ಆಕೆ ಎತ್ತರದ ಹಿಮ್ಮಡಿಯ ಬೂಟು ಹಾಕಿಕೊಂಡು ಬಂದಿದ್ದಳು. ಮೋಟಾರಿನಿಂದ ಇಳಿದು ನಾಲ್ಕು ಹೆಜ್ಜೆ ಹಾಕುವುದರೊಳಗೆ ಒಂದು ಬೂಟು ಸಗಣಿಯಲ್ಲಿ ಹೂತುಹೋಯಿತು. ಗಂಡ ಶಾಂತಿನಾಥ ಹಾದಿಯ ನಡುವೆಯೇ ಮಂಡಿಯೂರಿ ಕೂತು, ಅದನ್ನು ಕಿತ್ತು, ತನ್ನ ಕರವಸ್ತ್ರದಿಂದ ಒರೆಸಿ ಹೆಂಡತಿಯ ಕಾಲಿಗೆ ತೊಡಿಸಿದ. ನೇಸರಿ ಊರಿನ ಕಡೆಯ ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು.

ನಗಲಿ ಪಾಪ. ಊರ ಹೆಂಗಸರಿಗೆ ಅಂಥ ಗಂಡನನ್ನು ಕಾಣುವ ಭಾಗ್ಯ ದಿನಾ ಬರುವುದಿಲ್ಲ.

ಆದರೆ ಶಾಲನ ನಗುವ ಸ್ಥಿತಿಯಲ್ಲಿರಲಿಲ್ಲ. ಶ್ರಾವಣದ ಮಹಾಪೂರದಲ್ಲಿ ದಾನೋಳಿಯ ಹೊಳೆಯಲ್ಲಿ ಆಕೆಯ ತಂದೆ ತಾತ್ಯಾಸಾಹೇಬರ ಹೆಣ ಸಿಕ್ಕಿತ್ತು. ಅವರ ಖಿಲಾರಿ ತಳಿಯ ಎತ್ತಿನ ಜೋಡಿ ಅದೇ ದಿನ ಕಾಣೆಯಾಗಿತ್ತು. ಕಾಲು ಜಾರಿ ಬಿದ್ದರು ಎಂದು ಊರು ಸುಮ್ಮನಾಯಿತು. ಎತ್ತು ಯಾರ ಕೈಯಲ್ಲಿದೆಯೋ ಅವನೇ ಅಪ್ಪನನ್ನು ಕೊಂದವನು ಎಂದು ಹಟ ಹಿಡಿದವಳು ಶಾಲನ ಒಬ್ಬಳೇ.

ಆ ಹಟಕ್ಕೆ ಓಗೊಟ್ಟವರು ಪದ್ಮಕುಮಾರರು. ಕೊಲ್ಲಾಪುರದಲ್ಲಿ ಪೊಲೀಸ್ ಫೌಜದಾರರಾಗಿದ್ದು ನಿವೃತ್ತರಾದವರು. ಶಿರೋಳದ ಒಕ್ಕಲುಮನೆಯಲ್ಲಿ ಹುಟ್ಟಿ ಬೆಳೆದವರಾದ್ದರಿಂದ ಕಳ್ಳರ ವಿದ್ಯೆಯಷ್ಟೇ ದನಗಳ ವಿದ್ಯೆಯೂ ಅವರಿಗೆ ಗೊತ್ತಿತ್ತು. ಮೊದಲ ಭೇಟಿಯಲ್ಲೇ ಅವರು, ತಂದೆಯ ಎತ್ತುಗಳನ್ನು ಕಂಡರೆ ಗುರುತು ಹಿಡಿಯುತ್ತೀರಾ ಎಂದು ಕೇಳಿದ್ದರು. ಶಾಲನ ತಲೆ ತಗ್ಗಿಸಿದ್ದಳು.

ಅವಳು ಆ ಎತ್ತುಗಳನ್ನು ಒಂದು ಸಲವೂ ನೋಡಿರಲಿಲ್ಲ.

ಅವಳಿಗೆ ಎಂಟು ವರ್ಷವಿದ್ದಾಗ ತಾಯಿ ಗಂಡನೊಂದಿಗೆ ಜಗಳವಾಡಿ ಅವಳನ್ನು ಕರೆದುಕೊಂಡು ಮುಂಬಯಿಯ ತನ್ನ ಅಣ್ಣನ ಮನೆ ಸೇರಿದ್ದಳು. ಎತ್ತು ಹೆಚ್ಚೋ ನಾನು ಹೆಚ್ಚೋ ಎಂದು ತಾಯಿ ಕೇಳಿದಳಂತೆ, ಅಪ್ಪ ತಟ್ಟನೆ ಉತ್ತರ ಕೊಡದೆ ನಿಂತುಬಿಟ್ಟರಂತೆ. ಮಗಳ ಮದುವೆಗೆ ಅವರು ಬಂದರು. ಜರಿಯ ರುಮಾಲು ಸುತ್ತಿಕೊಂಡು, ಮುಂಬಯಿ ಬೀಗರ ನಡುವೆ ಕೈ ಎಲ್ಲಿಡಬೇಕೆಂದು ತಿಳಿಯದೆ, ಚಪ್ಪರದ ಒಂದು ಮೂಲೆಯಲ್ಲಿ ನಿಂತಿದ್ದರು. ಹೊರಡುವಾಗ ಕೇಳಿದ್ದು ಒಂದೇ ಮಾತು.

“ಮಗಳ, ಗಡಹಿಂಗ್ಲಜದ ಪ್ರದರ್ಶನಕ್ಕ ಒಂದ ಸಲ ಬಂದು ನನ್ನ ಎತ್ತ ನೋಡಿ ಹೋಗ.”

ಬರ್ತೀನಿ ಎಂದಿದ್ದಳು. ಮೊದಲ ವರ್ಷ ಅತ್ತೆಗೆ ಮೈ ಸರಿಯಿರಲಿಲ್ಲ. ಮರುವರ್ಷ ತನಗೇ ಜ್ವರ. ಅದರ ಮುಂದಿನ ವರ್ಷ ಕಾರಣವನ್ನೂ ಹೇಳಿ ಕಳಿಸಲಿಲ್ಲ. ಈಗ ಬಂದಿದ್ದಳು, ಕರೆದವರು ಇಲ್ಲದ ಮೇಲೆ. ಅವರ ಮುಖವನ್ನೂ ಕೊನೆಯ ಸಲ ಕಾಣಲಿಲ್ಲ. ರೈಲು ಹತ್ತಿ ಮಿರಜದ ಮೇಲಿಂದ ಬಂದು ತಲುಪುವಷ್ಟರಲ್ಲಿ ಚಿತೆ ಆರಿತ್ತು. ನೀರಿನಲ್ಲಿ ನೆನೆದು ಮುಖ ಗುರುತು ಹತ್ತುವಂತಿರಲಿಲ್ಲವಂತೆ. ಸೊಂಟದ ಬೆಳ್ಳಿ ಉಡದಾರ ನೋಡಿ ಊರವರು ತಾತ್ಯಾಸಾಹೇಬರೇ ಎಂದರಂತೆ.

ಆ ದುಃಖ ಶಾಲನಳ ಎದೆಯಲ್ಲಿ ಕಲ್ಲಾಗಿ ಕೂತಿತ್ತು, ಅದನ್ನು ಬೇರೆ ಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ.

ಪದ್ಮಕುಮಾರರು ಕೊಡೆಯ ತುದಿಯಿಂದ ಒಂದೊಂದೇ ಕೊರಳನ್ನು ತೋರಿಸುತ್ತ ನಡೆದರು. ಎತ್ತಿನ ಕೊರಳಿಗೆ ಕಟ್ಟುವ ಹಗ್ಗಕ್ಕೆ ಕಣ್ಣಿ ಎನ್ನುತ್ತಾರೆ. ಈ ಕಡೆಯ ಒಕ್ಕಲಿಗ ಎತ್ತನ್ನು ಮಾರಿದರೂ ಕಣ್ಣಿಯನ್ನು ಮಾರುವುದಿಲ್ಲ. ಬಿಚ್ಚಿಕೊಂಡು ಮನೆಗೊಯ್ದು ಕೊಟ್ಟಿಗೆಯಲ್ಲಿ ತೂಗುಹಾಕುತ್ತಾನೆ. ಎತ್ತು ಹೋದರೂ ಮನೆಯ ಲಕ್ಷ್ಮಿ ಹೋಗದಿರಲಿ ಎಂದು. ಕೊಂಡವನು ತನ್ನ ಹೊಸ ಹಗ್ಗ ತಂದು ಕಟ್ಟಿಕೊಂಡು ಹೋಗುತ್ತಾನೆ.

“ಹಂಗಾದ್ರ ಹಳೇ ಕಣ್ಣಿ ಇದ್ದ ಎತ್ತು?” ಎಂದು ಕೇಳಿದಳು ಶಾಲನ.

“ಸ್ವಂತ ಮನೀದು. ಇಲ್ಲಾ, ನಾಲ್ಕು ದಿನ ಮೇಯಿಸಾಕ ಬಿಟ್ಟಿದ್ದು, ಮತ್ತ ತಿರುಗಿ ಒಯ್ಯೂದು. ಇಲ್ಲಾ, ಕದ್ದಿದ್ದು.” ಅವರೇ ಮುಂದುವರಿಸಿ, ಸತ್ತವರು ಎತ್ತನ್ನು ಮೇಯಿಸಲು ಬಿಡುವುದಿಲ್ಲವಾದ್ದರಿಂದ ನಮಗೆ ಬೇಕಾದದ್ದು ಮೂರನೆಯದು ಎಂದರು.

ಇನ್ನೊಂದು ಸುಳಿವೂ ಅವರ ಬಳಿ ಇತ್ತು. ತಾತ್ಯಾಸಾಹೇಬರ ಮನೆಯಲ್ಲಿ ಕಸಮುಸುರೆ ಮಾಡುತ್ತಿದ್ದ ಮುದುಕಿ ಸೋನಾಬಾಯಿ ಹೇಳಿದ್ದಳು: ಸೋನ್ಯಾ ಎಂಬ ಬಲಗಡೆಯ ಎತ್ತಿಗೆ ಕೊರಳು ಸವೆಯಬಾರದೆಂದು ಯಜಮಾನರು ಕಣ್ಣಿಯೊಳಗೆ ಯಾವುದೋ ಹಳೆ ಬಟ್ಟೆ ಸೇರಿಸಿ ಹೆಣೆದಿದ್ದರು. ಯಾವ ಬಟ್ಟೆ ಎಂದು ಆಕೆಗೆ ಗೊತ್ತಿರಲಿಲ್ಲ.

ಶಾಂತಿನಾಥ ಹಿಂದಿನಿಂದ ಬರುತ್ತಿದ್ದ. ಧೂಳಿಗೆ ಮೂಗು ಮುಚ್ಚಿಕೊಂಡಿದ್ದ. ಮುಂಬಯಿಯ ಬಟ್ಟೆಪೇಟೆಯಲ್ಲಿ ದಲಾಲಿ ಮಾಡುವವನು, ಇಚಲಕರಂಜಿಯ ಮಗ್ಗಗಳ ಮಾಲು ನೋಡಲು ಆಗಾಗ ಈ ಕಡೆ ಬರುತ್ತಿದ್ದರೂ ದನದ ಸಂತೆ, ಪ್ರದರ್ಶನ ಯಾವುದನ್ನೂ ಕಂಡವನಲ್ಲ. ಮೋಟಾರಿನಲ್ಲಿ ಕೂತಾಗ ತಾನೂ ಇದೇ ಮೊದಲು ನೋಡುವುದು ಎಂದು ಹೇಳಿದ್ದ. ಈ ತನಿಖೆಯೇ ಅವನಿಗೆ ಬೇಕಿರಲಿಲ್ಲ. ಹೋದವರನ್ನು ಯಾಕೆ ಕೆದಕುತ್ತಿ, ನಿನ್ನ ಜೀವ ಸವೆಯುತ್ತದೆ ಎಂದು ಎಷ್ಟೋ ಸಲ ಬಿಡಿಸಿ ಹೇಳಿದ್ದ. ಆಕೆ ಕೇಳದಿದ್ದಾಗ ಒಬ್ಬಳೇ ಹೋಗಬೇಡ ಎಂದು ಜೊತೆಗೆ ಬಂದಿದ್ದ.

ಒಂದೆಡೆ ಇಬ್ಬರು ಗಂಡಸರು ಎದುರುಬದುರು ನಿಂತು, ಕೈಗಳ ಮೇಲೆ ವಸ್ತ್ರ ಮುಚ್ಚಿಕೊಂಡು, ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಿದ್ದರು. ಶಾಲನ ಹೆದರಿ ಗಂಡನ ತೋಳು ಹಿಡಿದಳು. ಒಬ್ಬ ಇನ್ನೊಬ್ಬನ ಕೈ ತಿರುಚುತ್ತಿದ್ದಾನೆ ಎಂದೇ ಅವಳು ತಿಳಿದಳು.

ಶಾಂತಿನಾಥ ನಕ್ಕ. ಅದು ಜಗಳವಲ್ಲ, ವ್ಯಾಪಾರ. ಬಾಯಿಬಿಟ್ಟು ಬೆಲೆ ಹೇಳಿದರೆ ಸುತ್ತಲಿನವರಿಗೆ ತಿಳಿಯುತ್ತದೆಂದು ವಸ್ತ್ರದ ಕೆಳಗೆ ಬೆರಳು ಹಿಡಿದು, ಮಡಚಿ, ಒತ್ತಿ ಬೆಲೆ ಕಟ್ಟುತ್ತಾರೆ ಎಂದು ವಿವರಿಸಿದ. ನಿಮಗೆ ಹೇಗೆ ಗೊತ್ತು ಎಂದು ಅವಳು ಕೇಳಿದ್ದಕ್ಕೆ, ತಮ್ಮ ಪೇಟೆಯಲ್ಲೂ ಹಳೆಯ ದಲಾಲರು ಹೀಗೆಯೇ ಮಾಡುತ್ತಾರೆ ಎಂದ.

ಹಾಗೆನ್ನುತ್ತ ಅವಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡ. ಅವನ ಬಲಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಹಿಂದೆ ಯಾವಾಗಲೋ ರೈಲಿನ ಬಾಗಿಲಿಗೆ ಸಿಕ್ಕಿ ಸೆಟೆದುಹೋಗಿತ್ತು. ಅವನು ಕೈ ಹಿಡಿದಾಗಲೆಲ್ಲ ನಾಲ್ಕು ಬೆರಳು ಅವಳನ್ನು ಹಿಡಿಯುತ್ತಿದ್ದವು, ಒಂದು ಬೇರೆಯಾಗಿ ನಿಲ್ಲುತ್ತಿತ್ತು. ಅಪ್ಪ ಹೋದ ಮೇಲಿನ ರಾತ್ರಿಗಳಲ್ಲಿ ಆ ಬೆರಳೇ ಅವಳ ಕಣ್ಣೊರೆಸಿದ್ದು.

ನಡುವಿನ ಸಾಲುಗಳು ಮುಗಿದವು. ಹೊಸ ಹಗ್ಗಗಳೇ ಹೆಚ್ಚು. ಹಳೆ ಕಣ್ಣಿ ಇದ್ದಲ್ಲಿ ಅದರ ಒಡೆಯ, ಒಡೆಯನ ಮಕ್ಕಳು, ಊರವರು ಎಲ್ಲ ಪಕ್ಕದಲ್ಲೇ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಪದ್ಮಕುಮಾರರು ಮೂಡಣ ದಿಕ್ಕಿನ ಹುಣಸೆಮರಗಳ ಕಡೆ ತಿರುಗಿದರು.

“ಆ ಕಡೆ ಬರೇ ಎಮ್ಮಿ ಅದಾವ,” ಎಂದ ಶಾಂತಿನಾಥ. “ಇಕಿಗೆ ಬಿಸಲಾಗ ಸುಮ್ಮನ ತ್ರಾಸ.”

ಎಮ್ಮೆ ಇದ್ದರೂ ಒಮ್ಮೆ ನೋಡಿ ಬರೋಣ ಎಂದರು ಪದ್ಮಕುಮಾರರು. ಫೌಜದಾರಿ ಮಾಡಿದವರಿಗೆ ಬೇರೆಯವರ ಮಾತು ನಂಬುವ ಅಭ್ಯಾಸ ಇರುವುದಿಲ್ಲ. ಹಾಗಾದರೆ ನೀವು ನಡೆಯಿರಿ, ನಾನು ಬಾವಿಯಿಂದ ಗಾಳಿಸಿದ ನೀರು ತರುತ್ತೇನೆ, ಬೆಳಿಗ್ಗೆಯಿಂದ ಅವಳು ಒಂದು ಗುಟುಕೂ ಕುಡಿದಿಲ್ಲ ಎಂದು ಶಾಂತಿನಾಥ ಬಾಯಿಗೆ ಬಟ್ಟೆ ಕಟ್ಟಿದ ತಾಮ್ರದ ತಂಬಿಗೆ ಹಿಡಿದುಕೊಂಡು ಹಿಂದಕ್ಕೆ ಹೋದ.

ಹುಣಸೆಮರಗಳ ಕೆಳಗೆ ಒಂದು ಎಮ್ಮೆಯೂ ಇರಲಿಲ್ಲ.

ಮರದ ಬುಡದಲ್ಲಿ ಒಂದು ಬಿಳಿ ಜೋಡಿ ನಿಂತಿತ್ತು. ಕೊಂಬುಗಳನ್ನು ಹೆರೆದು ಎಣ್ಣೆ ಸವರಿದ್ದರು. ಶಾಲನ ಹೇಳಿಸಿಕೊಂಡಂತೆ ಮುಖ ನೋಡಲಿಲ್ಲ, ಕೊರಳು ನೋಡಿದಳು. ಎಡಗಡೆಯ ಎತ್ತಿಗೆ ಹಳೆಯ ನಾರಿನ ಹಗ್ಗ. ಬಲಗಡೆಯದರ ಕಣ್ಣಿಯಲ್ಲಿ ನಾರಿನ ಜೊತೆಗೆ ನೇರಳೆ ಬಣ್ಣದ ಬಟ್ಟೆಯ ಪಟ್ಟಿ ಹೆಣೆದಿತ್ತು. ಬೆವರು, ಮಳೆ, ಧೂಳು ತಿಂದು ಮಾಸಿದ್ದರೂ ಅಲ್ಲಲ್ಲಿ ಬಣ್ಣ ಉಳಿದಿತ್ತು.

ಖಣದ ಬಟ್ಟೆ. ಮೈತುಂಬ ಸೂಜಿಮಲ್ಲಿಗೆಯ ಮೊಗ್ಗು.

ಅವಳು ಎತ್ತಿನ ಕೊಂಬನ್ನೂ ಕಾಲನ್ನೂ ಮರೆತು ಹತ್ತಿರ ಹೋದಳು. ಪಟ್ಟಿಯ ಒಂದು ಕಡೆ ಹಳದಿ ದಾರದ ಹೊಲಿಗೆ ಕಾಣಿಸಿತು, ಒರಟು ಹೊಲಿಗೆ. ಗಾಡಿಯ ಮೊಳೆಗೆ ಸಿಕ್ಕಿ ಹರಿದಿತ್ತು. ನೇರಳೆ ದಾರ ಇಲ್ಲವೆಂದು ಅವ್ವ ಬೈಯುತ್ತ ಹಳದಿ ದಾರದಲ್ಲಿ ಹೊಲಿದಿದ್ದಳು, ತಾನು ಅದಕ್ಕೇ ಅತ್ತು ಊಟ ಬಿಟ್ಟಿದ್ದಳು. ಅದು ಅವಳ ಪರಕರ, ಚಿಕ್ಕಂದಿನ ಲಂಗ. ಎಂಟು ವರ್ಷದ ಹುಡುಗಿ ದಾನೋಳಿ ಬಿಟ್ಟ ದಿನ ಒಗೆದು ಹಗ್ಗದ ಮೇಲೆ ಒಣಹಾಕಿದ್ದು ಅಲ್ಲೇ ಉಳಿದುಹೋಗಿತ್ತು.

ಅಪ್ಪ ಅದನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದರು. ಆಮೇಲೆ ದಿನಾ ಬೆಳಿಗ್ಗೆ ಮುಟ್ಟಲು ಸಿಗುವ ಜಾಗದಲ್ಲಿ ಹೆಣೆದುಕೊಂಡಿದ್ದರು.

ಶಾಲನ ಎತ್ತಿನ ಕೊರಳಿಗೆ ಹಣೆ ಹಚ್ಚಿ ಅತ್ತಳು. ಮುಂಬಯಿಯಲ್ಲಿ ದಿಂಬಿಗೆ ಮುಖ ಒತ್ತಿ ಸದ್ದಿಲ್ಲದೆ ಅಳುತ್ತಿದ್ದವಳು ಇಲ್ಲಿ ಗಟ್ಟಿಯಾಗಿಯೇ ಅತ್ತಳು. ಸೋನ್ಯಾನ ಚರ್ಮ ಒಮ್ಮೆ ನಡುಗಿತು, ಆಮೇಲೆ ಅದು ಅಲುಗದೆ ನಿಂತಿತು.

“ಬಾಯಾರ, ಹಾಯತೈತಿ ಅದು, ದೂರ ಸರೀರಿ,” ಎಂದು ಒಬ್ಬ ಮರದ ಆಚೆಯಿಂದ ಎದ್ದು ಬಂದ. ನಡುವಯಸ್ಸಿನವನು, ಹಣೆಗೆ ವಿಭೂತಿ, ಹೆಗಲಿಗೆ ವಸ್ತ್ರ, ಕೈಯಲ್ಲಿ ಹುಲ್ಲಿನ ಹಿಡಿ.

ಪದ್ಮಕುಮಾರರು ಕೊಡೆ ಮಡಚಿದರು. ಅವರು ಕೊಡೆ ಮಡಚಿದರೆಂದರೆ ಕೆಲಸಕ್ಕೆ ಇಳಿದರು ಎಂದೇ ಅರ್ಥ.

“ಈ ಜೋಡಿ ಯಾರದು?”

“ನಂದ ಅದಾವ್ರಿ. ನಾ ನೇಸರಿ ಕಾಡಸಿದ್ದ. ಎತ್ತಿನ ವ್ಯಾಪಾರ ಮಾಡತೇನಿ.”

“ಮನ್ಯಾಗ ಹುಟ್ಟಿದ್ದೋ, ತಗೊಂಡಿದ್ದೋ?”

“ತಗೊಂಡಿದ್ದರಿ.”

“ಹಂಗಾದ್ರ ಕಣ್ಣಿ ಹಳೇದ ಯಾಕೈತಿ?”

ಕಾಡಸಿದ್ದ ಕೈಯಲ್ಲಿದ್ದ ಹುಲ್ಲನ್ನು ನೋಡಿಕೊಂಡ. ಈ ಪ್ರಶ್ನೆ ಒಂದು ದಿನ ಬಂದೇ ಬರುತ್ತದೆ ಎಂದು ಅವನಿಗೆ ಗೊತ್ತಿದ್ದಂತಿತ್ತು. ಮಾರಿದವರು ಬಿಚ್ಚಿಕೊಳ್ಳಲಿಲ್ಲ ಎಂದ. ಮಾರಿದವರು ಯಾರು ಎಂದರೆ, ದಾನೋಳಿಯ ತಾತ್ಯಾಸಾಹೇಬರ ಮನೆಯವರು ಎಂದ. ಯಾವಾಗ ಎಂದರೆ, ದೀಪಾವಳಿ ಪಾಡ್ಯದ ದಿನ, ಇಚಲಕರಂಜಿಯ ಹೊರಗೆ, ರಸ್ತೆಯ ಬದಿಯಲ್ಲಿ.

ಪದ್ಮಕುಮಾರರು ದನಿ ಏರಿಸಲಿಲ್ಲ. ತಾತ್ಯಾಸಾಹೇಬರ ಚಿತೆಗೆ ಶ್ರಾವಣದಲ್ಲೇ ಬೆಂಕಿಯಾಗಿದೆ, ಆ ಮನೆಯಲ್ಲಿ ಈಗ ಒಬ್ಬ ಮುದುಕಿಯನ್ನು ಬಿಟ್ಟು ಯಾರೂ ಇಲ್ಲ, ದೀಪಾವಳಿಗೆ ಎತ್ತು ಮಾರಲು ಸ್ವರ್ಗದಿಂದ ಇಳಿದುಬಂದವರು ಯಾರು ಎಂದು ತಣ್ಣಗೆ ಕೇಳಿದರು.

“ಹೆಸರ ಹೇಳಾಂಗಿಲ್ಲರಿ. ಹೇಳೂದಿಲ್ಲಂತ ಮಾತ ಕೊಟ್ಟೇನಿ.”

“ಬೇಡಿ ಬಿದ್ದ ಮ್ಯಾಲ ಹೇಳತಿ ಏನು?”

“ಬಿದ್ದ ಮ್ಯಾಲೂ ಹೇಳಾಂಗಿಲ್ಲರಿ.”

ಸುತ್ತ ನಾಲ್ಕು ಜನ ಸೇರಿದರು. ಪದ್ಮಕುಮಾರರಿಗೆ ಇಷ್ಟು ಸಾಕಾಗಿತ್ತು: ಎತ್ತು ತಾತ್ಯಾಸಾಹೇಬರದು, ಕಣ್ಣಿ ಬಿಚ್ಚಿಲ್ಲ, ಹೇಳುವ ಕತೆಗೆ ಹೆಸರಿಲ್ಲ. ಕಾಡಸಿದ್ದ ಎಲ್ಲೂ ಹೋಗದಂತೆ ನೋಡಿಕೊಳ್ಳಿ ಎಂದು ಆ ನಾಲ್ವರಿಗೆ ಹೇಳಿ, ಪ್ರದರ್ಶನದ ಬಾಗಿಲಲ್ಲಿದ್ದ ಹವಾಲ್ದಾರನನ್ನು ಕರೆತರಲು ಹೋದರು.

ಕಾಡಸಿದ್ದ ಓಡಲಿಲ್ಲ. ಎತ್ತಿಗೆ ಹುಲ್ಲು ಹಾಕಿ, ಅಳುತ್ತ ನಿಂತ ಹೆಂಗಸಿನ ಕಡೆ ತಿರುಗಿದ.

“ನೀವು ಯಾರ್ರಿ ತಂಗೆವ್ವ?”

“ತಾತ್ಯಾಸಾಹೇಬರ ಮಗಳು.”

ಅವನ ಮುಖದ ಬಣ್ಣವೇ ಬದಲಾಯಿತು. “ಮುಂಬೈದಾಗ ಇರೂ ಮಗಳಾ?” ಎಂದ. “ಹಂಗಾದ್ರ ನಿಮಗ ಗೊತ್ತಿರಬೇಕಲ್ಲರಿ.”

ಏನು ಗೊತ್ತಿರಬೇಕು ಎಂದು ಶಾಲನ ಕೇಳಿದಳು. ಅವನು ಬೇರೆ ಕಡೆ ನೋಡಿದ. ಅಪ್ಪನನ್ನು ಕೊಂದವರು ಯಾರೆಂದು ತಿಳಿಯದೆ ನನಗೆ ಅನ್ನ ಸೇರುತ್ತಿಲ್ಲ, ನಿದ್ದೆ ಹತ್ತುತ್ತಿಲ್ಲ, ಹೆಸರು ಬೇಡ, ನಡೆದದ್ದಷ್ಟನ್ನು ಹೇಳು ಅಣ್ಣಾ ಎಂದು ಅವಳು ಕೈ ಮುಗಿದಳು. ಮನೆಯ ಮಗಳು ಕೈ ಮುಗಿದರೆ ಆ ಕಡೆಯ ಗಂಡಸು ಕಲ್ಲಾಗಿ ನಿಲ್ಲಲಾರ.

ಅವನು ಕೆಳದನಿಯಲ್ಲಿ ಹೇಳಿದ. ಪಾಡ್ಯದ ಮಧ್ಯಾಹ್ನ ಒಬ್ಬರು ಪಟ್ಟಣದ ಗೃಹಸ್ಥರು ಈ ಜೋಡಿಯನ್ನು ಹೊಡೆದುಕೊಂಡು ಬಂದರು. ಎತ್ತು ಹೊಡೆಯಲು ಬರುತ್ತಿರಲಿಲ್ಲ, ಎತ್ತುಗಳೇ ಅವರನ್ನು ಎಳೆದುಕೊಂಡು ಬಂದವು ಎನ್ನಬೇಕು. ತುಸು ದೂರದಲ್ಲಿ ಒಂದು ಬಾಡಿಗೆ ಗಾಡಿ ನಿಂತಿತ್ತು, ಅದರೊಳಗೆ ಒಬ್ಬ ಮನುಷ್ಯ ತಲೆತುಂಬ ಕಂಬಳಿ ಹೊದ್ದು ಕೆಮ್ಮುತ್ತ ಕೂತಿದ್ದ, ಕೆಳಗಿಳಿಯಲಿಲ್ಲ. ಗೃಹಸ್ಥರು ಬೇಗ ಮುಗಿಸಬೇಕು ಎಂದರು. ಕಾಡಸಿದ್ದ ವಸ್ತ್ರ ಮುಚ್ಚಿ ಅವರ ಕೈ ಹಿಡಿದ. ವ್ಯಾಪಾರ ಕುದುರಿದ ಮೇಲೆ, ರೂಢಿಯಂತೆ ಕಣ್ಣಿ ಬಿಚ್ಚಿಕೊಳ್ಳಿ ಎಂದ. ಇರಲಿ, ಅದನ್ನು ತೆಗೆಯಬೇಡ, ಬೇರೆ ಹಗ್ಗವನ್ನೂ ಕಟ್ಟಬೇಡ ಎಂದರು ಅವರು. ಪಟ್ಟಣದವರಿಗೆ ನಮ್ಮ ರೀತಿರಿವಾಜು ತಿಳಿಯದು ಎಂದುಕೊಂಡು ಅವನೂ ಸುಮ್ಮನಾದ. ಹೊರಡುವಾಗ ಎರಡೂ ಎತ್ತುಗಳು ಕೊರಳು ತಿರುಗಿಸಿ ಗಾಡಿಯ ಕಡೆಗೇ ನೋಡುತ್ತಿದ್ದವು. ಎಳೆದರೂ ಕಾಲು ಕೀಳಲಿಲ್ಲ.

“ಮಾರಿ ಮರೀತೇನಿ, ತಂಗೆವ್ವ. ವಸ್ತ್ರದ ಬುಡಕ ಹಿಡದ ಕೈ ಮರಿಯಾಂಗಿಲ್ಲ,” ಎಂದ ಕಾಡಸಿದ್ದ. “ಬೆಲಿ ಇಳಸಾಕ ಕಿರುಬೆರಳ ಮಡಚಬೇಕು. ಅವರು ಮಡಚವಲ್ರು. ಸೊಕ್ಕ ಅಂತ ತಿಳದ ನಾನ ಒತ್ತಿ ಮಡಚಾಕ ಹೋದೆ. ಆಮ್ಯಾಲ ಗೊತ್ತಾತು. ಆ ಬೆರಳ ಮಡಚೂದ ಇಲ್ಲ.”

ಶಾಲನ ಮರಕ್ಕೆ ಒರಗಿದಳು.

ದೀಪಾವಳಿಗೆ ಶಾಂತಿನಾಥ ಮನೆಯಲ್ಲಿರಲಿಲ್ಲ. ಮಾಲು ನೋಡಲು ಇಚಲಕರಂಜಿಗೆ ಹೋಗಿದ್ದ, ಹಬ್ಬ ಕಳೆದು ಬರುವಾಗ ಅವಳಿಗೊಂದು ತಿಳಿಹಸಿರು ಸೀರೆ ತಂದಿದ್ದ. ಸೂತಕದ ಮನೆಗೆ ಸೀರೆ ಯಾಕೆ ಎಂದು ಅವಳು ಅದನ್ನು ಉಟ್ಟಿರಲಿಲ್ಲ. ಬೆಳಿಗ್ಗೆ ಬೂಟು ತೊಡಿಸಿದ ಮೇಲೆ, ನೆರಳಿರುವ ಜಾಗ ನೋಡಿ ಬರುತ್ತೇನೆಂದು ಅವನು ಒಬ್ಬನೇ ಮುಂದೆ ಹೋಗಿ ಬಂದಿದ್ದ. ಆಮೇಲೆ, ಆ ಕಡೆ ಬರೀ ಎಮ್ಮೆಗಳು ಎಂದಿದ್ದ.

ಕಾಡಸಿದ್ದ ತನ್ನ ಹೆಗಲಿನ ಹೊಸ ಹಗ್ಗವನ್ನು ಸೋನ್ಯಾನ ಕೊರಳಿಗೆ ಕಟ್ಟಿ, ಹಳೆಯ ಕಣ್ಣಿಯನ್ನು ಬಿಚ್ಚಿದ. ಬಿಚ್ಚಬೇಡ ಎಂದು ಹೇಳಿದ್ದರೂ ಇದು ಮನೆಯ ಮಗಳಿಗೆ ಸೇರಬೇಕಾದದ್ದು, ಅವರು ಬೈದರೆ ಬೈಯಲಿ ಎಂದು ಎರಡೂ ಕೈಯಿಂದ ಅವಳಿಗೆ ಕೊಟ್ಟ. ಅದರಲ್ಲಿ ಎತ್ತಿನ ಬಿಸಿ ಇನ್ನೂ ಇತ್ತು.

ಅಷ್ಟರಲ್ಲಿ ಜನ ದಾರಿ ಬಿಟ್ಟರು. ಪದ್ಮಕುಮಾರರು ಹವಾಲ್ದಾರನೊಂದಿಗೆ ಬಂದರು. ಹವಾಲ್ದಾರ ಬೇಡಿಯನ್ನು ಎಲ್ಲರಿಗೂ ಕಾಣುವಂತೆ ಹಿಡಿದಿದ್ದ. ಪ್ರದರ್ಶನದ ದಿನ ಅವನಿಗೂ ಒಂದು ಪ್ರದರ್ಶನ ಬೇಡವೇ. ಅವರ ಹಿಂದೆಯೇ, ಗದ್ದಲ ಕೇಳಿ ಹೆಂಡತಿಗೆ ಏನಾಯಿತೋ ಎಂದು ಶಾಂತಿನಾಥ ಜನರನ್ನು ತಳ್ಳಿಕೊಂಡು ಬಂದ. ಕೈಯಲ್ಲಿ ನೀರಿನ ತಂಬಿಗೆ. ನಾಲ್ಕು ಬೆರಳು ತಂಬಿಗೆಯ ಕೊರಳನ್ನು ಹಿಡಿದಿದ್ದವು, ಒಂದು ಬೇರೆಯಾಗಿ ನಿಂತಿತ್ತು.

ಕಾಡಸಿದ್ದ ಅವನನ್ನು ನೋಡಿದ. ಅವನು ಕಾಡಸಿದ್ದನನ್ನು ನೋಡಿದ. ಆಮೇಲೆ ಶಾಲನಳ ಕೈಯಲ್ಲಿದ್ದ ಕಣ್ಣಿಯನ್ನು ನೋಡಿ, ಇದ್ದಲ್ಲೇ ನಿಂತ. ತಿರುಗಿ ಜನರೊಳಗೆ ಸೇರಿಕೊಳ್ಳಬಹುದಾಗಿತ್ತು, ಯಾರೂ ತಡೆಯುತ್ತಿರಲಿಲ್ಲ. ಅವನು ಹೋಗಲಿಲ್ಲ.

ಹವಾಲ್ದಾರ ಕೈ ಮುಂದೆ ಮಾಡು ಎಂದ. ಕಾಡಸಿದ್ದ ಮಾಡಿದ. ಕೊನೆಯ ಸಲ ಕೇಳುತ್ತೇನೆ, ಮಾರಿದವನ ಹೆಸರು ಹೇಳು ಎಂದರು ಪದ್ಮಕುಮಾರರು. ಅವನು ಅವರ ಕಡೆ ನೋಡಲೇ ಇಲ್ಲ.

“ಕಣ್ಣಿ ನಿಮ್ಮ ಕೈಯಾಗ ಐತಿ, ತಂಗೆವ್ವ,” ಎಂದ. “ನೀವ ಹೇಳ್ರಿ.”

ಸುಮ್ಮನಿದ್ದರೆ ತಪ್ಪಿಲ್ಲದವನು ಜೈಲಿಗೆ ಹೋಗುತ್ತಾನೆ. ಮಾತಾಡಿದರೆ ತನ್ನ ಸಂಸಾರ ಇಲ್ಲಿಗೆ ಮುಗಿಯುತ್ತದೆ. ಅವ್ವ, ಅಪ್ಪ ಇಬ್ಬರೂ ಹೋದ ಮೇಲೆ ಈ ಲೋಕದಲ್ಲಿ ಅವಳದೆಂದು ಉಳಿದವನು ಒಬ್ಬನೇ, ಸಗಣಿಯಲ್ಲಿ ಮಂಡಿಯೂರಿ ಅವಳ ಬೂಟು ಒರೆಸಿದವನು. ಶಾಲನ ಹೆಜ್ಜೆ ಹಾಕಿ ಗಂಡನ ಎದುರು ನಿಂತು ಕಣ್ಣಿಯನ್ನು ಅವನ ಕಡೆ ಚಾಚಿದಳು.

“ಎತ್ತ ಮಾರಿದ್ರ ಕಣ್ಣಿ ಬಿಚ್ಚಿಕೊಂಡ ಬರಬೇಕಂತರಿ,” ಎಂದಳು. “ನೀವು ಮರತ ಬಂದಿದ್ರಿ.”

ಶಾಂತಿನಾಥ ತಂಬಿಗೆಯನ್ನು ನೀರು ಚೆಲ್ಲದಂತೆ ನೆಲದ ಮೇಲಿಟ್ಟ. ಕಣ್ಣಿಯನ್ನು ಮುಟ್ಟಲಿಲ್ಲ.

“ಮರತಿಲ್ಲ, ಶಾಲನ. ಬಿಚ್ಚಬ್ಯಾಡ ಅಂದವರು ನಿಮ್ಮಪ್ಪ. ಮತ್ತ ಬಂದು ಒಯ್ಯತೇನಿ, ಕಣ್ಣಿ ಇರಲಿ ಅಂದ್ರು.”

“ಯಾವಾಗ ಅಂದ್ರು?” ಎಂದು ಕೇಳಿದರು ಪದ್ಮಕುಮಾರರು. ಅವರ ದನಿ ಮೊದಲ ಸಲ ತುಸು ಒಡೆದಿತ್ತು.

“ಪಾಡ್ಯಾದ ದಿನಾನ. ಗಾಡ್ಯಾಗ ಕೂತ ಅಂದ್ರು.”

“ಕಂಬಳಿ,” ಎಂದ ಕಾಡಸಿದ್ದ, ತನ್ನಷ್ಟಕ್ಕೆ.

ಅಪ್ಪ ಬದುಕಿದ್ದಾರೆ. ಈ ಮಾತು ಕನಸಿನಲ್ಲಾದರೂ ಕೇಳಲಿ ಎಂದು ಶಾಲನ ಎಷ್ಟು ರಾತ್ರಿ ಹಂಬಲಿಸಿದ್ದಳೋ. ಈಗ ಕೇಳಿದಾಗ ಅವಳಿಗೆ ಸಂತೋಷ ಬರಲಿಲ್ಲ. ಎಲ್ಲಿದ್ದಾರೆ, ಹೇಗಿದ್ದಾರೆ ಎಂದೂ ಬಾಯಿಗೆ ಬರಲಿಲ್ಲ. ಬಂದದ್ದು ಬೇರೆಯೇ ಮಾತು.

“ದೀಪಾವಳಿಯಿಂದ ಇಲ್ಲೀತನಕ ನಾ ಅಳಲಾರದ ದಿನ ಇಲ್ಲ. ನೀವು ಬಾಜೂಕ ಕೂತು ಕಣ್ಣ ಒರಸತಿದ್ರಿ. ಅವರು ಜೀವಂತ ಅದಾರಂತ ಗೊತ್ತಿದ್ದೂ ಒರಸತಿದ್ರೇನು?”

ಶಾಂತಿನಾಥನ ಕಣ್ಣಲ್ಲೂ ನೀರು ಬಂತು. ಅದನ್ನು ಒರೆಸಲು ಅವಳು ಕೈ ಎತ್ತಲಿಲ್ಲ.

“ಗೊತ್ತಿದ್ದೂ,” ಎಂದ ಅವನು. “ನನ್ನ ಆಮ್ಯಾಲ ಬೈಯಂತಿ. ದಾನೋಳಿ ಹೊಳಿ ದಂಡಿಗೆ ತಮ್ಮ ಉಡದಾರ ಕಟ್ಟಿ ಬಿಟ್ಟ ಆ ಹೆಣ ಯಾರದು ಅಂತ ಮೊದಲ ನಿಮ್ಮಪ್ಪನ್ನ ಕೇಳು. ಅದನ್ನ ಕೇಳಿದ ದಿನ, ನಾ ಯಾಕ ಸುಮ್ಮನಿದ್ದೆ ಅಂತ ನಿನಗ ತಿಳೀತೈತಿ.”

ಪದ್ಮಕುಮಾರರು ಹವಾಲ್ದಾರನಿಗೆ ಕಾಡಸಿದ್ದನ ಕೈ ಬಿಡಲು ಸನ್ನೆ ಮಾಡಿದರು. ಬೇಡಿಯನ್ನು ತಾವೇ ತೆಗೆದುಕೊಂಡು ಕೋಟಿನ ಜೇಬಿಗೆ ಹಾಕಿಕೊಂಡರು. ಅದು ಇನ್ನು ಯಾರಿಗೆ ಬೇಕಾಗುತ್ತದೆ ಎಂದು ಶಾಲನ ಕೇಳಲಿಲ್ಲ, ಅಪ್ಪನ ಕೈಗೆ ಎಂದು ಅವಳಿಗೆ ಗೊತ್ತಾಗಿತ್ತು. ಹರಿದ ಪರಕರದ ಆ ಕಣ್ಣಿಯನ್ನು ಎದೆಗೆ ಒತ್ತಿಕೊಂಡು ಅವಳು ಎತ್ತುಗಳ ನಡುವೆ ನಿಂತೇ ಇದ್ದಳು.